999 ಈಗ ಯಾರ ನಂಬರ್?

ಇಂಗ್ಲಿಷ್‌ನೋರಿಗೆ 007. ತೆಲುಗಿನವರಿಗೆ 116. ನಮಗೆ 999. ಮೂವರಲ್ಲಿ ಇನ್ನೂ ಡ್ಯೂಟಿಗೆ ವಾಪಸ್ ಬರದೇ ಇರೋನು ನಮ್ಮವನೊಬ್ಬನೇ.

007 ಕಥೆ ಎಲ್ಲರಿಗೂ ಗೊತ್ತಿರೋದೇ. 1962ರಲ್ಲಿ ಶಾನ್ ಕಾನರಿ ಶುರು ಮಾಡಿದ ಪಾತ್ರ ಡೇನಿಯಲ್ ಕ್ರೇಗ್ ಹೊತ್ತಿಗೆ ಆರು ಜನರ ಮೈಮೇಲೆ ಕೂತು ಎದ್ದಿತ್ತು. ಸೂಟಿನ ಅಳತೆ ಬದಲಾಯಿತೇ ಹೊರತು ನಂಬರ್ ಬದಲಾಗಲಿಲ್ಲ. ತೆಲುಗಿನಲ್ಲಿ ಕೃಷ್ಣ 1966ರಲ್ಲಿ 'ಗೂಢಚಾರಿ 116' ಮಾಡಿದರು. ಮರುವರ್ಷವೇ ಅದು ಹಿಂದಿಗೆ ಹೋಗಿ ಜಿತೇಂದ್ರ ಅವರ 'ಫರ್ಜ್' ಆಯಿತು. ಐವತ್ತೆರಡು ವರ್ಷ ಬಿಟ್ಟು, 2018ರಲ್ಲಿ, ಅಡಿವಿ ಶೇಷ್ 'ಗೂಢಚಾರಿ' ಅಂತಲೇ ಹೆಸರಿಟ್ಟುಕೊಂಡು ಬಂದರು. ತಮಿಳಿನಲ್ಲಂತೂ ಕಮಲ್ ಹಾಸನ್ 1986ರ ತಮ್ಮದೇ 'ವಿಕ್ರಮ್' ಪಾತ್ರವನ್ನು 2022ರಲ್ಲಿ ನರೆತ ಗಡ್ಡದ ಸಮೇತ ವಾಪಸ್ ಕರೆದುಕೊಂಡು ಬಂದರು. ಅದನ್ನು ನಮ್ಮೂರಲ್ಲೂ ಕ್ಯೂ ನಿಂತು ನೋಡಿದ್ವಿ. ಹಳೇ 'ವಿಕ್ರಮ್' ನೋಡೇ ಇರದ ಹುಡುಗರೂ ಶಿಳ್ಳೆ ಹೊಡೆದರು.

ನಮ್ಮ 999 ಮಾತ್ರ ಯೂಟ್ಯೂಬಿನಲ್ಲಿ, ಮಧ್ಯೆ ಮಧ್ಯೆ ಸಾಲದ ಆ್ಯಪ್‌ಗಳ ಜಾಹೀರಾತು ಸಹಿಸಿಕೊಂಡು, ಕಪ್ಪು-ಬಿಳುಪಿನಲ್ಲಿ ಓಡಾಡಿಕೊಂಡಿದ್ದಾನೆ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡ್ತೀನಿ. 1968ರಲ್ಲಿ 'ಜೇಡರ ಬಲೆ'. ಅದೇ ವರ್ಷ 'ಗೋವಾದಲ್ಲಿ ಸಿಐಡಿ 999'. 1969ರಲ್ಲಿ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999'. ಆಮೇಲೆ ಒಂಬತ್ತು ವರ್ಷ ಸುಮ್ಮನಿದ್ದು, 1978ರಲ್ಲಿ ಬಣ್ಣದಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'. ನಾಲ್ಕಕ್ಕೂ ದೊರೈ-ಭಗವಾನ್ ಜೋಡಿಯ ನಿರ್ದೇಶನ, ಜಿ.ಕೆ. ವೆಂಕಟೇಶ್ ಸಂಗೀತ, ನಾಯಕ ಡಾ. ರಾಜ್‌ಕುಮಾರ್. ಮೊದಲನೆಯದರಲ್ಲಿ ಜಯಂತಿ. ಎರಡನೆಯದರ ಮೂಲಕ ಲಕ್ಷ್ಮಿ ಕನ್ನಡಕ್ಕೆ ಬಂದರು. ಮೂರನೆಯದರಲ್ಲಿ ಇನ್ನೂ ಹಿಂದಿ ತೆರೆಗೆ ಕಾಲಿಡದ ರೇಖಾ.

ಇದು ಎಷ್ಟು ಧೈರ್ಯದ ಕೆಲಸ ಅಂತ ನಮಗೆ ಈಗ ಗೊತ್ತಾಗಲ್ಲ. ಅಣ್ಣಾವ್ರು 1954ರ 'ಬೇಡರ ಕಣ್ಣಪ್ಪ'ದಿಂದ ಬಂದವರು. 1965ರಲ್ಲಿ ಹರಿಶ್ಚಂದ್ರ, 1966ರಲ್ಲಿ ಮಂತ್ರಾಲಯದ ರಾಘವೇಂದ್ರ ಸ್ವಾಮಿಗಳು. ಜನ ಪರದೆಗೆ ಕೈ ಮುಗಿಯುತ್ತಿದ್ದ ಕಾಲ. ಅಂಥವರ ಕೈಗೆ ಎರಡು ವರ್ಷದಲ್ಲಿ ಪಿಸ್ತೂಲು ಕೊಟ್ಟು, ಕೋಟು ತೊಡಿಸಿ, ಕ್ಲಬ್ಬಿನ ಡಾನ್ಸ್ ಮಧ್ಯೆ ನಿಲ್ಲಿಸೋದು ಅಂದ್ರೆ! ಜನ ಒಪ್ಪಿದರು. ಬರೀ ಒಪ್ಪಲಿಲ್ಲ, ಇನ್ನೊಂದು ಮಾಡಿ ಅಂದರು. 1968 ಅವರ ನೂರನೇ ಚಿತ್ರ 'ಭಾಗ್ಯದ ಬಾಗಿಲು' ಬಂದ ವರ್ಷವೂ ಹೌದು. ನೂರು ಮುಟ್ಟಿದ ನಟ ಸಾಮಾನ್ಯವಾಗಿ ಸೇಫ್ ಆಟ ಆಡ್ತಾನೆ, ಇವರು ಹೊಸ ಆಟಕ್ಕೆ ಇಳಿದರು.

ಒಂದು ಸಣ್ಣ ವಿಷಯ, ದೊಡ್ಡಬಳ್ಳಾಪುರದವರಿಗೆ ಮಾತ್ರ ರುಚಿಸಬಹುದು. 'ಜೇಡ' ಅಂದರೆ ಬಲೆ ಕಟ್ಟುವ ಹುಳ ಅಷ್ಟೇ ಅಲ್ಲ, ಹಳೆಗಾಲದಲ್ಲಿ ನೇಕಾರನಿಗೂ ಅದೇ ಹೆಸರು. ಜೇಡರ ದಾಸಿಮಯ್ಯ ಅಂತೀವಲ್ಲ, ಆ ಜೇಡರ. ನಮ್ಮದು ಮಗ್ಗದ ಊರು. ಅಪ್ಪ ಹುಡುಗನಾಗಿದ್ದಾಗ ಟೆಂಟಿಗೆ 'ಜೇಡರ ಬಲೆ' ಬಂತಂತೆ. ಪೋಸ್ಟರ್ ನೋಡಿ ನಮ್ಮ ತಾತ, "ಇದು ನಮ್ಮೋರ ಪಿಚ್ಚರ್ ಕಣೋ, ದಾಸಿಮಯ್ಯಂದಿರಬೇಕು" ಅಂತ ಮನೆಮಂದಿಯನ್ನೆಲ್ಲ ಹೊರಡಿಸಿದರಂತೆ. ಹೋಗಿ ನೋಡಿದರೆ ಪಿಸ್ತೂಲು, ಕೋಟು, ಕ್ಲಬ್ ಡಾನ್ಸು. ತಾತ ಮಧ್ಯದಲ್ಲಿ ಎದ್ದು ಬರಲಿಲ್ಲ ಅನ್ನೋದೇ ನಮ್ಮ ಮನೆಯ ಐತಿಹಾಸಿಕ ಸತ್ಯ.

ನಾನು ನಾಲ್ಕನ್ನೂ ಈ ಸಲ ಮತ್ತೆ ನೋಡಿದೆ, ಫೋನಲ್ಲೇ, ಕ್ಯಾಬಲ್ಲಿ ಹೋಗ್ತಾ ಬರ್ತಾ. ಪ್ರಾಮಾಣಿಕವಾಗಿ ಹೇಳ್ತೀನಿ, ಸುಮಾರು ಭಾಗ ಹಳಸಿದೆ. ವಿಗ್ಗು ಹಾಕಿಕೊಂಡವನು ವಿಲನ್ ಅಂತ ಮೊದಲ ರೀಲಿನಲ್ಲೇ ಗೊತ್ತಾಗುತ್ತೆ. ಹೆಣ್ಣುಮಕ್ಕಳು ಒಂದೋ ಹಾಡಿಗೆ ಬರ್ತಾರೆ, ಇಲ್ಲ ಅಪಹರಣಕ್ಕೆ. ಜಯಂತಿಯಂಥ ನಟಿಗೆ ಇದಕ್ಕಿಂತ ಹೆಚ್ಚು ಕೆಲಸ ಕೊಡಬೇಕಿತ್ತು ಅನ್ನಿಸದೇ ಇರಲ್ಲ. ಹೊಡೆದಾಟದಲ್ಲಿ ಏಟು ಬೀಳೋಕೆ ಮುಂಚೆಯೇ ರೌಡಿ ಬೀಳ್ತಾನೆ. ಪೊಲೀಸ್ ಜೀಪು ಎಲ್ಲ ಮುಗಿದ ಮೇಲೆ ಬರುತ್ತೆ. (ಇದೊಂದನ್ನು ಹಳತಾಗಿದೆ ಅನ್ನೋಕೆ ಆಗಲ್ಲ ಬಿಡಿ.)

ಆದರೆ ಹಳಸದೇ ಇರೋದು ಎರಡಿವೆ. ಒಂದು ಜಿ.ಕೆ. ವೆಂಕಟೇಶ್. ಆ ಹಿತ್ತಾಳೆ ವಾದ್ಯಗಳನ್ನು ಹೆಡ್‌ಫೋನಲ್ಲಿ ಕೇಳಿ, 1968 ಅಂತ ನಂಬೋದು ಕಷ್ಟ. 'ಡೈಮಂಡ್ ರಾಕೆಟ್'ನಲ್ಲಿ ಅಣ್ಣಾವ್ರು ಹಾಡಿದ ಇಂಗ್ಲಿಷ್ ಹಾಡು ಇವತ್ತಿಗೂ ಆಫೀಸ್ ಪಾರ್ಟಿಗಳಲ್ಲಿ ಮೊಳಗುತ್ತೆ. ಸಿನಿಮಾ ನೋಡದವರೂ ಕುಣೀತಾರೆ. ಇನ್ನೊಂದು, ಆ ಗೂಢಚಾರಿ ಮಾತಾಡೋ ಕನ್ನಡ. ಬಂದೂಕು ಹಿಡಿದವನು ಬೈಗುಳಕ್ಕೆ ಇಳಿಯಲ್ಲ. ಎದುರಿನವನು ಸುಳ್ಳು ಹೇಳುವಾಗ ಕೂಗಾಡದೆ ಅವನನ್ನೇ ನೋಡ್ತಾ ನಿಲ್ತಾನೆ. ಅಣ್ಣಾವ್ರು ಬಾಂಡ್ ಥರ ನಟಿಸಲಿಲ್ಲ. ಓದಿಕೊಂಡ, ಮರ್ಯಾದಸ್ಥ ಮನೆಯ ಹುಡುಗನೊಬ್ಬ ಅಪಾಯದ ಕೆಲಸಕ್ಕೆ ಸೇರಿದ ಹಾಗೆ ನಟಿಸಿದರು. ಟೆಂಟಿನಲ್ಲಿ ನೆಲದ ಮೇಲೆ ಕೂತವರಿಗೆ ಅದೇ ಸಾಕಿತ್ತು. ಸಿಐಡಿ ಅಂದ್ರೆ ನಮ್ಮ ಕಡೆಯವನು ಅನ್ನೋ ಭಾವನೆ ಒಂದು ತಲೆಮಾರಿಗೆ ಅಲ್ಲಿಂದಲೇ ಬಂತು ಅಂತ ನನ್ನ ಲೆಕ್ಕ.

ಹಾಗಾದ್ರೆ ಯಾಕೆ ಯಾರೂ ಮುಟ್ಟಿಲ್ಲ?

ಉತ್ತರ ಎಲ್ಲರಿಗೂ ಗೊತ್ತು, ಹೇಳಲ್ಲ ಅಷ್ಟೇ. 007 ಅನ್ನೋದು ಹುದ್ದೆ. 999 ಅನ್ನೋದು ಒಬ್ಬ ಮನುಷ್ಯ. ಹುದ್ದೆಗೆ ಇನ್ನೊಬ್ಬನನ್ನು ನೇಮಿಸಬಹುದು, ಅಣ್ಣಾವ್ರ ಜಾಗಕ್ಕೆ ಯಾರನ್ನ ಕೂರಿಸ್ತೀರಿ? ಕೂರಿಸಿದವನ ಗತಿ ಏನು? ಟೀಸರ್ ಬಂದ ಅರ್ಧ ಗಂಟೆಗೆ ಅವನ ಮನೆ ದೇವರನ್ನೂ ಎಳೆದು ಬೈತಾರೆ. ನಿರ್ಮಾಪಕರು ಅದಕ್ಕೇ ಸುರಕ್ಷಿತ ದಾರಿ ಹಿಡಿದರು. 'ಸತ್ಯ ಹರಿಶ್ಚಂದ್ರ' 2008ರಲ್ಲಿ ಬಣ್ಣದಲ್ಲಿ ಬಂತು. ದೊರೈ-ಭಗವಾನ್ ಜೋಡಿಯದ್ದೇ 'ಕಸ್ತೂರಿ ನಿವಾಸ' 2014ರಲ್ಲಿ ಬಣ್ಣ ತೊಟ್ಟು ಬಂತು. ಹಿರಿಯರು ಕಣ್ಣೊರೆಸಿಕೊಂಡು ಆಚೆ ಬಂದರು, ನಾನು ನೋಡಿದ್ದೇನೆ. ಬಣ್ಣ ಹಚ್ಚೋದು ತಪ್ಪಲ್ಲ. ಆದರೆ ಅದು ತಾತನ ಫೋಟೋಗೆ ಹೊಸ ಫ್ರೇಮ್ ಹಾಕಿಸಿದ ಹಾಗೆ. ತಾತ ಮನೆಗೆ ಬಂದಂತೆ ಆಗಲ್ಲ.

ನನ್ನ ಮನಸ್ಸಲ್ಲಿ ಬಹಳ ದಿನ ಒಂದು ಹೆಸರಿತ್ತು. ನಿಮ್ಮ ಮನಸ್ಸಲ್ಲೂ ಅದೇ ಇದ್ದಿರಬಹುದು. 2021ರ ಅಕ್ಟೋಬರ್ 29ರಂದು ಆ ಮಾತು ಮುಗಿಯಿತು. ಮುಂದಿನ ಮಾರ್ಚ್‌ನಲ್ಲಿ 'ಜೇಮ್ಸ್' ಬಂದಾಗ ಅಪ್ಪು ತುಟಿಗೆ ಶಿವಣ್ಣನ ದನಿ ಇತ್ತು. ಥಿಯೇಟರಿನಲ್ಲಿ ಮೊದಲ ಡೈಲಾಗಿಗೇ ನನ್ನ ಪಕ್ಕದವರು ಮುಖ ಮುಚ್ಚಿಕೊಂಡರು. ಈಗ ಕೆಲವರು, ಎಐ ಇದೆಯಲ್ಲ, ಅಣ್ಣಾವ್ರನ್ನೇ ಮತ್ತೆ ತರಬಹುದಲ್ಲ ಅಂತಾರೆ. ತರಬಹುದು. ಮುಖ ಬರುತ್ತೆ, ದನಿ ಬರುತ್ತೆ. ಆದ್ರೆ ಬೇರೆಯವರ ಮುಖ, ಬೇರೆಯವರ ದನಿ ಹಾಕಿಕೊಂಡು ಪರದೆಗೆ ಬರೋ ವ್ಯವಹಾರ ಈಗ ನಮ್ಮ ಬೀದಿಯಲ್ಲಿ ಯಾವ ರೂಪದಲ್ಲಿ ನಡೀತಿದೆ ಅಂತ ಆಮೇಲೆ ಹೇಳ್ತೀನಿ. ಅದನ್ನು ನೋಡಿದ ಮೇಲೆ ನನಗೆ ಆ ಆಸೆ ಹೋಗಿದೆ.

999 ನಿಜವಾಗಿ ವಾಪಸ್ ಬಂದಿದ್ದು, ನನ್ನ ಪ್ರಕಾರ, ಒಂದೇ ಸಲ. 2019ರ ಫೆಬ್ರವರಿಯಲ್ಲಿ. ಅದೂ ಹಿಂಬಾಗಿಲಿನಿಂದ.

'ಬೆಲ್ ಬಾಟಮ್' ನೆನಪಿದೆಯಲ್ಲ? (ಅಕ್ಷಯ್ ಕುಮಾರ್ ಅವರದಲ್ಲ, ಅದು ಬೇರೆ ಕಥೆ.) ಟಿ.ಕೆ. ದಯಾನಂದ್ ಕಥೆ, ಜಯತೀರ್ಥ ನಿರ್ದೇಶನ. ರಿಷಬ್ ಶೆಟ್ಟಿ ಇನ್ನೂ 'ಕಾಂತಾರ' ಮಾಡಿರದ ಕಾಲ. ಎಂಬತ್ತರ ದಶಕದ ಒಬ್ಬ ಹುಡುಗ ದಿವಾಕರ. ಪತ್ತೇದಾರಿ ಕಾದಂಬರಿ ಓದಿ, ಅಣ್ಣಾವ್ರ ಸಿಐಡಿ ಸಿನಿಮಾ ನೋಡಿ, ತಾನೂ ಡಿಟೆಕ್ಟಿವ್ ಆಗಬೇಕು ಅಂತ ಹಂಬಲಿಸೋನು. ಆಗೋದು ಸಾಮಾನ್ಯ ಕಾನ್‌ಸ್ಟೇಬಲ್. ಕಳ್ಳರಿಂದ ವಶಪಡಿಸಿಕೊಂಡ ಮಾಲು ಪೊಲೀಸ್ ಠಾಣೆಗಳಿಂದಲೇ ಕಳುವಾಗೋದು ಅವನ ಕೇಸು. ಎಂಥ ಒಳ್ಳೆ ಕೇಸು ನೋಡಿ! ವಿದೇಶಿ ಗ್ಯಾಂಗಿಲ್ಲ, ಗುಪ್ತ ದ್ವೀಪವಿಲ್ಲ. ಬೀಗ ಹಾಕಿದ ಠಾಣೆ, ಒಳಗಿಲ್ಲದ ಮಾಲು.

ಆ ತಂಡದ ಜಾಣತನ ಇಲ್ಲೇ ಇರೋದು. ಅವರು 999 ಪಾತ್ರವನ್ನು ಯಾರಿಗೂ ಕೊಡಲಿಲ್ಲ. 999 ನೋಡಿ ಬೆಳೆದವನಿಗೆ ಸಿನಿಮಾ ಕೊಟ್ಟರು. ನಾಯಕನ ಕುರ್ಚಿ ಮುಟ್ಟದೆ, ಟೆಂಟಿನ ನೆಲದಲ್ಲಿ ಕೂತಿದ್ದ ಹುಡುಗನನ್ನು ಎಬ್ಬಿಸಿ ಕರೆದುಕೊಂಡು ಬಂದರು. ಅಭಿಮಾನಿಗಳಿಗೆ ಬೈಯೋಕೆ ಕಾರಣ ಸಿಗಲಿಲ್ಲ, ಯಾಕಂದ್ರೆ ಆ ಹುಡುಗ ಅವರೇ. ಮರುವರ್ಷ ರಮೇಶ್ ಅರವಿಂದ್ 'ಶಿವಾಜಿ ಸುರತ್ಕಲ್' ಮಾಡಿದರು. ಅದು ಚೆನ್ನಾಗಿತ್ತು, ಆದರೆ ಅದರ ಬೇರು ಷರ್ಲಾಕ್ ಕಡೆಗೆ. ದಿವಾಕರನ ಬೇರು ಮಾತ್ರ ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿದೆ. ಅಲ್ಲಿ ದಾರಕ್ಕೆ ನೇತು ಹಾಕಿರುತ್ತಿದ್ದ ಎನ್. ನರಸಿಂಹಯ್ಯನವರ ಕಾದಂಬರಿಗಳಲ್ಲಿ. ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದ ಮನುಷ್ಯ ಅವರು. ನಮ್ಮ ಕಡೆ ಎಷ್ಟೋ ಜನ ಅಕ್ಷರ ಕೂಡಿಸಿ ಓದೋದು ಕಲಿತದ್ದೇ ಅವರ ಪತ್ತೇದಾರ ಪುರುಷೋತ್ತಮನಿಂದ. ಅಂದಹಾಗೆ ಕೃಷಿಕರ ಬೈಬಲ್ ಅನ್ನೋ ಹಾಗೆ ಪೂಜಿಸುವ 'ಬಂಗಾರದ ಮನುಷ್ಯ' ಕಾದಂಬರಿ ಬರೆದ ಟಿ.ಕೆ. ರಾಮರಾವ್ ಕೂಡ ಪತ್ತೇದಾರಿ ಕಥೆಗಳಿಗೇ ಹೆಸರಾದವರು. ನಮ್ಮ ಸಾಂಸಾರಿಕ ಸಿನಿಮಾಗೂ ಪತ್ತೇದಾರಿಗೂ ಮಧ್ಯೆ ಗೋಡೆ ಅಷ್ಟೇನೂ ದಪ್ಪವಿರಲಿಲ್ಲ. ದೊರೈ-ಭಗವಾನ್ ಕೂಡ ಒಂದು ಕೈಯಲ್ಲಿ 999 ಮಾಡಿ, ಇನ್ನೊಂದು ಕೈಯಲ್ಲಿ 'ಎರಡು ಕನಸು' ಮಾಡಿದವರೇ.

ಈಗ ನಮ್ಮ ಬೀದಿ.

ಕಳೆದ ವರ್ಷ ನಮ್ಮ ಹಿಂದಿನ ಮನೆಯ ಹಿರಿಯರೊಬ್ಬರಿಗೆ ಫೋನ್ ಬಂತು. ಅಪ್ಪನಿಗಿಂತ ಎರಡು ವರ್ಷ ದೊಡ್ಡವರು, ನಾನು ದೊಡ್ಡಪ್ಪ ಅಂತಲೇ ಕರೆಯೋದು. ಆರು ಮಗ್ಗ ಇದ್ದದ್ದರಲ್ಲಿ ಎರಡನ್ನು ಮಾರಿ, ದುಡ್ಡು ಎಫ್‌ಡಿ ಇಟ್ಟಿದ್ದರು. ನಿಮ್ಮ ಆಧಾರ್ ಬಳಸಿ ಡ್ರಗ್ಸ್ ಪಾರ್ಸಲ್ ಹೋಗಿದೆ, ಸಿಐಡಿಯಿಂದ ಮಾತಾಡ್ತಿದ್ದೀವಿ, ವಿಡಿಯೋ ಕಾಲಿಗೆ ಬನ್ನಿ. ಪರದೆಯಲ್ಲಿ ಯೂನಿಫಾರ್ಮ್, ಹಿಂದೆ ಲಾಂಛನ, ಮೇಜಿನ ಮೇಲೆ ಫೈಲು. ಕನ್ನಡ ಶುದ್ಧವಾಗಿತ್ತಂತೆ. "ಸಾರ್ ಅಂತ ಕರೆದ ಕಣಯ್ಯಾ, ನನ್ನನ್ನ" ಅಂತ ಆಮೇಲೆ ಅಪ್ಪನ ಹತ್ರ ಹೇಳಿದ್ದರು. ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ, ಮನೆಯವರಿಗೂ ಹೇಳುವಂತಿಲ್ಲ, ಕ್ಯಾಮೆರಾ ಆಫ್ ಮಾಡುವಂತಿಲ್ಲ. ನಮ್ಮ ಕಾನೂನಿನಲ್ಲಿ ಹಾಗೊಂದು ಅರೆಸ್ಟೇ ಇಲ್ಲ ಅಂತ ನಿಮಗೆ ಗೊತ್ತು. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿ ರೇಡಿಯೋದಲ್ಲೇ ಹೇಳಿದರು. ದೊಡ್ಡಪ್ಪ ರೇಡಿಯೋ ಬಿಟ್ಟು ಬಹಳ ವರ್ಷ ಆಗಿತ್ತು.

ಮಗ್ಗದ ಸದ್ದಿಗೆ ಮಾತು ಕೇಳಿಸ್ತಿಲ್ಲ, ನಿಲ್ಲಿಸಿ ಅಂದನಂತೆ ಆ 'ಅಧಿಕಾರಿ'. ನಿಲ್ಲಿಸಿದರು. ದೊಡ್ಡಮ್ಮ ದೇವನಹಳ್ಳಿಯಲ್ಲಿ ಮಗಳ ಬಾಣಂತನಕ್ಕೆ ಹೋಗಿದ್ದರು. ಮಗ್ಗದ ಹುಡುಗನಿಗೆ ರಜೆ ಕೊಟ್ಟರು. ಎರಡು ದಿನ ಒಬ್ಬರೇ ಆ ಶೆಡ್ಡಿನಲ್ಲಿ ಫೋನನ್ನು ಕಂಡಿಕೆ ಡಬ್ಬಿಗೆ ಒರಗಿಸಿಕೊಂಡು ಕೂತಿದ್ದರು. ಮಧ್ಯೆ ಬ್ಯಾಂಕಿಗೆ ಹೋಗಿ, ಎಫ್‌ಡಿ ಮುರಿಸಿ, ಅವರು ಹೇಳಿದ ಖಾತೆಗಳಿಗೆ ಹಾಕಿ ಬಂದರು. 'ಪರಿಶೀಲನೆ' ಮುಗಿದ ಮೇಲೆ ವಾಪಸ್ ಬರುತ್ತಂತೆ.

ಎರಡನೇ ದಿನ ಸಂಜೆ ಅಪ್ಪ ಟೀ ಕುಡೀತಾ ಕೂತವರು ಲೋಟ ಕೆಳಗಿಟ್ಟರು. "ಅಮಾಸೆ ಅಲ್ಲ, ಹಬ್ಬ ಇಲ್ಲ. ಕರೆಂಟೂ ಇದೆ. ಅವನ ಮಗ್ಗ ಯಾಕೆ ನಿಂತಿದೆ?"

ಮಗ್ಗದ ಬೀದಿಯಲ್ಲಿ ಹುಟ್ಟಿದವರಿಗೆ ಸದ್ದು ಕೇಳಿಸಲ್ಲ, ಸದ್ದು ನಿಂತರೆ ಕೇಳಿಸುತ್ತೆ. ನಾನು ಅದೇ ಮನೆಯಲ್ಲಿ ಕೂತು ಲ್ಯಾಪ್‌ಟಾಪ್‌ನಲ್ಲಿ ಮೀಟಿಂಗ್ ಮಾಡ್ತಿದ್ದೆ, ಕಿವಿಯಲ್ಲಿ ಸದ್ದು ತಡೆಯೋ ಹೆಡ್‌ಫೋನ್. ಅಪ್ಪ ಎದ್ದು ಹೋಗಿ ಬಾಗಿಲು ಬಡಿದರು. ಒಳಗಿಂದ, "ಬರಬೇಡ, ಕೇಸಾಗುತ್ತೆ" ಅಂತ ದನಿ. ಅಪ್ಪ ಹಿತ್ತಲಿನಿಂದ ಒಳಗೆ ನುಗ್ಗಿದರು. ಪರದೆಯಲ್ಲಿದ್ದವನು ಅಪ್ಪನಿಗೂ ಗದರಿಸಿದ. ಅಪ್ಪ ಅವನನ್ನು ಸ್ವಲ್ಪ ಹೊತ್ತು ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮ ಆಫೀಸು ಎಲ್ಲಿ ಬರುತ್ತೆ ಸ್ವಾಮಿ?" ಬೆಂಗಳೂರಲ್ಲಿ ಅಂದ. "ಬೆಂಗಳೂರಲ್ಲಿ ಎಲ್ಲಿ?" ಕಾಲ್ ಕಟ್ ಆಯಿತು. ರಾಜ್ಯ ಸಿಐಡಿ ಕೇಂದ್ರ ಕಚೇರಿ ಅರಮನೆ ರಸ್ತೆಯ ಕಾರ್ಲ್‌ಟನ್ ಹೌಸ್‌ನಲ್ಲಿದೆ. ಹಿಂದೆ ಇದನ್ನು ಸಿಓಡಿ ಅಂತಿದ್ದರು, ದೇಶದ ಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲಿ ಶುರುವಾಗಿದ್ದೇ ಅವರ ಸುಪರ್ದಿಯಲ್ಲಿ. ಅಪ್ಪನಿಗೆ ಇಷ್ಟೆಲ್ಲ ಗೊತ್ತಿರಲಿಲ್ಲ. ವಿಳಾಸ ಹೇಳೋಕೆ ತಡವರಿಸುವವನು ಕಳ್ಳ ಅಂತ ಗೊತ್ತಿತ್ತು ಅಷ್ಟೇ.

1930ಕ್ಕೆ ಫೋನ್ ಮಾಡಿದ್ವಿ. ಅಷ್ಟೊತ್ತಿಗೆ ಒಂಬತ್ತು ಲಕ್ಷ ಹೋಗಿತ್ತು. ಇನ್ನೊಂದು ನಾಲ್ಕು ಲಕ್ಷದ ಎಫ್‌ಡಿ ಮಾರನೇ ದಿನಕ್ಕೆ ಬಾಕಿ ಇತ್ತು, ಅದು ಉಳಿಯಿತು. ಹೋದದ್ದರಲ್ಲಿ ಸ್ವಲ್ಪ ಮೊತ್ತ ಯಾವುದೋ ಖಾತೆಯಲ್ಲಿ ತಡೆಹಿಡಿಯಲ್ಪಟ್ಟಿದೆ, ಕೋರ್ಟಿನ ಆದೇಶ ಆಗಿ ಬರಬೇಕು.

ಅವತ್ತು ರಾತ್ರಿ ದೊಡ್ಡಪ್ಪ ಹೇಳಿದ ಮಾತು ನನ್ನ ತಲೆಯಿಂದ ಹೋಗ್ತಿಲ್ಲ. "ಸಿಐಡಿ ಅಂದ್ನಲ್ಲೋ. ಸಿಐಡಿ ಅಂದ್ರೆ ನಮ್ಮೋರು ಅಂದ್ಕೊಂಡೆ." ಟೆಂಟಿನಲ್ಲಿ ಅಪ್ಪನ ಪಕ್ಕ ಕೂತು 999 ನೋಡಿದವರು ಅವರು. ಆ ನಾಲ್ಕು ಸಿನಿಮಾ ಕೊಟ್ಟ ನಂಬಿಕೆಯನ್ನೇ ಈ ಕಳ್ಳರು ಬಂಡವಾಳ ಮಾಡಿಕೊಂಡಿದ್ದಾರೆ. ಕೋಟು, ಮೇಜು, ಶುದ್ಧ ಕನ್ನಡ, ಗಂಭೀರ ಮುಖ. 999ನ ರೀಮೇಕ್ ಆಗಲೇ ಆಗಿದೆ ನೋಡಿ, ಮಾಡಿದವರು ಮಾತ್ರ ವಿಲನ್‌ಗಳು.

ಇದಕ್ಕೇ ನಾನು ಹೇಳೋದು, 999 ವಾಪಸ್ ಬರಬೇಕು, ಆದರೆ ಗೋವಾದಲ್ಲಲ್ಲ. ಬೆಂಗಳೂರು ಗ್ರಾಮಾಂತರದಲ್ಲಿ. (ಈ ಹೆಸರನ್ನೂ ಬದಲಿಸಿ ಬೆಂಗಳೂರು ಉತ್ತರ ಮಾಡೋಕೆ 2025ರ ಜುಲೈನಲ್ಲಿ ನಂದಿ ಬೆಟ್ಟದಲ್ಲಿ ಕೂತ ಸಚಿವ ಸಂಪುಟ ತೀರ್ಮಾನಿಸಿತು. ಊರಿಗೂ ಹೊಸ ವೇಷ.)

ಕಥೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಹಳೇ 999 ಬಂದ ಕಾಲದಲ್ಲಿ ಚಿನ್ನದ ಮೇಲೆ ಸರ್ಕಾರದ ಬಿಗಿ ಹಿಡಿತ ಇತ್ತು, ಚಿನ್ನ ನಿಯಂತ್ರಣ ಕಾಯ್ದೆ ಬಂದದ್ದೂ 1968ರಲ್ಲೇ. ಹಾಗಾಗಿ ಆ ಕಾಲದ ಸಿನಿಮಾ ವಿಲನ್‌ಗಳ ಪೆಟ್ಟಿಗೆಯಲ್ಲಿ ಚಿನ್ನದ ಬಿಸ್ಕತ್ತು, ವಜ್ರ. ಆ ಕಾಯ್ದೆ 1990ರಲ್ಲಿ ಹೋಯಿತು, ಬಿಸ್ಕತ್ತು ಹೋಗಲಿಲ್ಲ. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾಯಿತು. 2025ರ ಮಾರ್ಚ್‌ನಲ್ಲಿ ಅದೇ ನಿಲ್ದಾಣದಲ್ಲಿ, ದುಬೈನಿಂದ ಬಂದಿಳಿದ ಕನ್ನಡದ ನಟಿಯೊಬ್ಬರನ್ನು 14.2 ಕೆಜಿ ಚಿನ್ನದ ಕಳ್ಳಸಾಗಣೆ ಆರೋಪದಲ್ಲಿ ಡಿಆರ್‌ಐ ಬಂಧಿಸಿತು. ತಪ್ಪು-ಸರಿ ಕೋರ್ಟು ನೋಡಿಕೊಳ್ಳುತ್ತೆ. ನಾನು ಹೇಳೋದು ಇಷ್ಟೇ: ಈ ಸುದ್ದಿಯನ್ನು 1969ರಲ್ಲಿ ದೊರೈ-ಭಗವಾನ್ ಕೈಗೆ ಕೊಟ್ಟಿದ್ದರೆ, ಇದು ಸ್ವಲ್ಪ ಅತಿಯಾಯ್ತು ಅಂತ ವಾಪಸ್ ಕೊಡ್ತಿದ್ದರೇನೋ.

ಆದ್ರೂ ನನ್ನ ಸಿನಿಮಾದ ಕೇಸು ಚಿನ್ನ ಅಲ್ಲ, ದೊಡ್ಡಪ್ಪನ ಒಂಬತ್ತು ಲಕ್ಷ. ಆ ದುಡ್ಡು ಹೋದ ದಾರಿ ಯಾವ ಕಾರ್ ಚೇಸಿಗೂ ಕಡಿಮೆ ಇಲ್ಲ. ಮೊದಲ ಖಾತೆಯಿಂದ ಕೆಲವೇ ನಿಮಿಷದಲ್ಲಿ ಹತ್ತು ಖಾತೆಗೆ, ಅಲ್ಲಿಂದ ಇನ್ನಷ್ಟಕ್ಕೆ ಒಡೆದು ಹೋಗುತ್ತೆ. ಕೊನೆಯ ಖಾತೆಯಲ್ಲಿ ಎಟಿಎಂ, ಇಲ್ಲ ಕ್ರಿಪ್ಟೋ. ಈ ಖಾತೆಗಳು ಕಳ್ಳರದ್ದಲ್ಲ. ಬಾಡಿಗೆಗೆ ಕೊಟ್ಟವರದ್ದು. ಪಾಸ್‌ಬುಕ್ಕು, ಸಿಮ್ಮು, ಎಟಿಎಂ ಕಾರ್ಡು ಕೊಟ್ಟರೆ ಕಮಿಷನ್ ಅಂತ ಆಸೆಪಟ್ಟ ವಿದ್ಯಾರ್ಥಿಗಳು, ಕೆಲಸ ಬಿಟ್ಟುಹೋದ ಡೆಲಿವರಿ ಹುಡುಗರು. ಇದನ್ನು ಓದ್ತಿರೋರಲ್ಲಿ ಯಾರಿಗಾದ್ರೂ ಸ್ನೇಹಿತರು ಅಂಥ 'ಸೈಡ್ ಇನ್‌ಕಮ್' ಮೆಸೇಜು ಕಳಿಸಿರಬಹುದು. ಪೊಲೀಸರು ಮೊದಲು ಬಾಗಿಲು ತಟ್ಟೋದು ಆ ಖಾತೆಯವನದ್ದೇ.

ಹಾಗಾಗಿ ನನ್ನ 999 ಜಿಲ್ಲೆಯ ಸಿಇಎನ್ ಠಾಣೆಯ ಸಬ್ ಇನ್‌ಸ್ಪೆಕ್ಟರ್. ಹೆಣ್ಣುಮಗಳು. ಹೌದು, ಬೈಯೋರು ಈಗಲೇ ಬೈದುಬಿಡಿ. ಜಯಂತಿ, ಲಕ್ಷ್ಮಿ, ರೇಖಾ ಮೂವರನ್ನೂ ಅಪಹರಣಕ್ಕೆ ಬಳಸಿದ ಸಾಲ ಇದೆಯಲ್ಲ, ತೀರಿಸಬೇಕು. ಇದರಿಂದ ಇನ್ನೊಂದು ಅನುಕೂಲವೂ ಇದೆ: ಹೆಂಗಸು ಮಾಡಿದರೆ ಅಣ್ಣಾವ್ರಿಗೆ ಹೋಲಿಸೋ ಪ್ರಶ್ನೆಯೇ ಬರಲ್ಲ. ಅವಳಿಗೆ 999 ನಂಬರ್ ಹೇಗೆ ಬಂತು ಅಂತೀರಾ? ಅವಳ ಬ್ಯಾಡ್ಜ್ ನಂಬರಲ್ಲ ಅದು. ಅವಳ ಅಪ್ಪ, ಮಗ್ಗದವನು, ಮಗಳ ನಂಬರನ್ನು ಫೋನಿನಲ್ಲಿ ಹಾಗೆ ಸೇವ್ ಮಾಡಿಕೊಂಡಿದ್ದಾನೆ.

ಲೊಕೇಷನ್‌ಗಳೆಲ್ಲ ಸಿದ್ಧ ಇವೆ. ಬೆಳಗಿನ ಜಾವ ನಾಲ್ಕಕ್ಕೆ ಹೊಸಕೋಟೆ ಬಿರಿಯಾನಿ ಕ್ಯೂ. ಮಾಹಿತಿದಾರನನ್ನು ಭೇಟಿ ಮಾಡೋಕೆ ಇದಕ್ಕಿಂತ ಒಳ್ಳೆ ಜಾಗ ಉಂಟಾ? ಅಷ್ಟು ಜನರ ಮಧ್ಯೆ ಇಬ್ಬರು ಪಿಸುಗುಟ್ಟಿದರೆ ಯಾರೂ ನೋಡಲ್ಲ, ಎಲ್ಲರ ಕಣ್ಣೂ ಹಂಡೆ ಮೇಲೆ. ತುಮಕೂರು, ಹಾಸನ ರಸ್ತೆಗಳು ಕವಲೊಡೆಯೋ ನೆಲಮಂಗಲದಲ್ಲಿ ಸಾಲು ಸಾಲು ಗೋದಾಮುಗಳು. ಅದರಲ್ಲೊಂದರೊಳಗೆ ಯೂನಿಫಾರ್ಮು, ಲಾಂಛನ, ಮೇಜು ಇಟ್ಟ ನಕಲಿ ಸಿಐಡಿ ಆಫೀಸಿನ ಸೆಟ್ಟು. ಹಳೇ ಸಿನಿಮಾದ ಗುಪ್ತ ಅಡ್ಡೆಗೆ ಸರಿಯಾದ ವಾರಸುದಾರ. ಕೊನೆಯ ಬೆನ್ನಟ್ಟುವಿಕೆ ಘಾಟಿ ದನಗಳ ಜಾತ್ರೆಯಲ್ಲಿ. ಹಳ್ಳಿಕಾರ್ ಹೋರಿಗಳ ನಡುವೆ ಲ್ಯಾಪ್‌ಟಾಪ್ ಬ್ಯಾಗ್ ಹಿಡಿದು ಓಡೋ ಖದೀಮನನ್ನು ಹಿಡಿಯೋಕೆ ಡೂಪ್ ಬೇಡ, ಹೋರಿ ಸಾಕು.

ಭಾಗ ಎರಡಕ್ಕೂ ಕಥೆ ಇದೆ. ದೇವನಹಳ್ಳಿ ಕಡೆ ಜಮೀನಿನ ಬೆಲೆ ಏರಿದ ಮೇಲೆ ನಮ್ಮ ಜಿಲ್ಲೆಯ ಅಸಲಿ ಪತ್ತೇದಾರಿ ನಡೆಯೋದು ಪಹಣಿಯಲ್ಲಿ. ತಾತ ಸತ್ತ ಮೇಲೆ ತಾತನೇ ಹೆಬ್ಬೆಟ್ಟು ಒತ್ತಿದ ಕ್ರಯಪತ್ರ ಅಂತ ಜಗಳ ಬಂದ ಮನೆ ಪ್ರತಿ ಊರಲ್ಲೂ ಒಂದಿದೆ. ಒಬ್ಬ ಡಿಟೆಕ್ಟಿವ್ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಧೂಳು ಕುಡೀತಾ ಸರ್ವೆ ನಂಬರ್ ಹುಡುಕೋ ದೃಶ್ಯ, ಒಳ್ಳೆ ನಿರ್ದೇಶಕ ಸಿಕ್ಕರೆ, ಹೆಲಿಕಾಪ್ಟರ್ ದೃಶ್ಯಕ್ಕಿಂತ ಜೋರಾಗಿ ಎದೆ ಬಡಿಸುತ್ತೆ.

ಕಥೆ ಕೇಳಿ ಅಪ್ಪ ಎರಡು ಷರತ್ತು ಹಾಕಿದರು. ಸಂಗೀತದಲ್ಲಿ ಹಿತ್ತಾಳೆ ವಾದ್ಯ ಇರಬೇಕು. ಕೊನೇಲಿ ಪೊಲೀಸ್ ಜೀಪು ಲೇಟಾಗಿ ಬರಬಾರದು. ನಾಯಕಿ ಯಾರಾಗಬೇಕು ಅಂದಿದ್ದಕ್ಕೆ, "ಯಾರಾದ್ರೂ ಆಗಲಿ, ಕೂಗಾಡಬಾರದು" ಅಂದರು.

ದೊಡ್ಡಪ್ಪನ ಮಗ್ಗ ಈಗ ಮತ್ತೆ ಓಡ್ತಿದೆ, ನಾಲ್ಕೂ. ಫೋನ್ ಮಾತ್ರ ಸಾದಾ ಗುಂಡಿಯದ್ದು ತಗೊಂಡಿದ್ದಾರೆ. ಮೊನ್ನೆ ಹಿತ್ತಲ ಗೋಡೆ ಆಚೆಯಿಂದ ಕೇಳಿದೆ, ಹಿಂಗೊಂದು ಸಿನಿಮಾ ಬಂದ್ರೆ ಬರ್ತೀರಾ ಅಂತ. ಲಾಳಿ ಸರಿಮಾಡ್ತಾ ಇದ್ದವರು ತಲೆ ಎತ್ತಲಿಲ್ಲ.

"ಟಿಕೆಟ್ ಫೋನಲ್ಲಿ ತಗೋಬೇಕಾ?"

ಹೌದು, ನಾನೇ ಬುಕ್ ಮಾಡ್ತೀನಿ ಅಂದೆ.

"ಬೇಡ. ಕೌಂಟರಲ್ಲಿ ಕೊಟ್ರೆ ಹೇಳು, ಬರ್ತೀನಿ."